ಒಂದಕ್ಕೆ ಸಂದದ್ದು ಎರಡಕ್ಕೆ ಸಲ್ಲದು

“ಹುಡುಗ ಎಂ.ಎಸ್‌ಸಿ. ಮುಗಿಸಿ ಗಣಿತದಲ್ಲೇ ಸಂಶೋಧನೆ ಮಾಡುತ್ತೇನೆ ಎನ್ನುತ್ತಾನೆ. ಅದರಲ್ಲಿ ಇನ್ನು ಕಂಡುಹಿಡಿಯುವುದೇನು ಉಳಿದಿದೆ ಸ್ವಾಮಿ?” ಎಂದು ಸಂಘದ ಹಿರಿಯರೊಬ್ಬರು ಕೇಳಿದ್ದಾರೆ. ತಂದೆಯ ಚಿಂತೆ ನ್ಯಾಯವಾದದ್ದೇ. ಉತ್ತರವಾಗಿ ಒಂದೇ ಒಂದು ಸಂಗತಿಯನ್ನು ಹೇಳುತ್ತೇವೆ.

ಕಾಲೇಜಿನಲ್ಲಿ ಗಣಿತ ಓದಿದವರಿಗೆ ಅನಲಿಟಿಕ್ ಫಂಕ್ಷನ್ ನೆನಪಿರಬಹುದು. ಒಂದು ಸಂಮಿಶ್ರ ಸಂಖ್ಯೆ ಕೊಟ್ಟರೆ ಇನ್ನೊಂದನ್ನು ಕೊಡುವ ನಿಯಮವದು. ಆದರೆ ಬಲು ಶಿಸ್ತಿನದು. ಎಲ್ಲೆಡೆಯೂ ಸಲ್ಲುವ ಇಂಥ ಫಂಕ್ಷನ್ ಒಂದು ಮಿತಿಯೊಳಗೇ ಉಳಿದರೆ ಅದರ ಬೆಲೆ ಎಲ್ಲೆಲ್ಲೂ ಒಂದೇ. ಇದು ಲಿಯೂವಿಲ್ ಹೆಸರಿನ ಪ್ರಮೇಯ. ಬೆಳೆಯಬೇಕು, ಇಲ್ಲವೆ ಕಲ್ಲಾಗಬೇಕು! ಬೆಳೆಯುವ ವೇಗವೇ ಅದರ ಜಾತಕ. ನಿಧಾನವಾಗಿ ಬೆಳೆಯುವುದಕ್ಕೆ ಸೊನ್ನೆಯಾಗುವ ಸ್ಥಾನಗಳೂ ವಿರಳ. ಸೊನ್ನೆಗಳು 2, 4, 8, 16 ಎಂದು ಇಮ್ಮಡಿಸುತ್ತ ಹೋದರೆ 1000ದೊಳಗೆ ಒಂಬತ್ತೇ. ಅಷ್ಟಕ್ಕೆ ಆಮೆಯ ನಡೆ ಸಾಕು. ಸೈನ್‌ನಂತೆ ಸಮದೂರದಲ್ಲಿ ಸಾಲಾಗಿ ಸೊನ್ನೆಗಳು ಬೇಕೆಂದರೆ ಕುದುರೆಯ ಓಟವೇ ಆಗಬೇಕು.

ಇದು ಚರ ಒಂದೇ ಇದ್ದಾಗಿನ ಮಾತು. ಚರಗಳು ಹಲವಾದಾಗಿನ ಶಾಸ್ತ್ರವೇ ಬೇರೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಫ್ರಾನ್ಸಿನ ಮಾಲ್‌ಗ್ರಾಂಜ್ ಅದನ್ನು ಕುರಿತು ಉಪನ್ಯಾಸ ಮಾಡಿದ್ದರು. ರಾಘವನ್ ನರಸಿಂಹನ್ ಬರೆದುಕೊಂಡ ಟಿಪ್ಪಣಿ 1958ರಲ್ಲಿ ಹೊರಬಂದಿತು. ಚರ ಎರಡಾದರೆ ಒಂದು ಫಂಕ್ಷನ್ನಿನ ಸೊನ್ನೆಗಳು ಬಿಡಿ ಚುಕ್ಕೆಗಳಾಗಿ ನಿಲ್ಲವು, ಹಬ್ಬಿಕೊಳ್ಳುತ್ತವೆ. ಚುಕ್ಕೆಗಳು ಬೇಕಿದ್ದರೆ ಎರಡು ಫಂಕ್ಷನ್ನುಗಳು ಒಟ್ಟಿಗೆ ಸೊನ್ನೆಯಾಗುವ ಸ್ಥಾನಗಳನ್ನು ಹುಡುಕಬೇಕು. ಬಹುಪದಗಳ ಮಟ್ಟಿಗೆ 18ನೆಯ ಶತಮಾನದ ಬೆಜೂ ಲೆಕ್ಕವಿದೆ: ಒಂದರ ಘಾತವನ್ನು ಇನ್ನೊಂದರದರಿಂದ ಗುಣಿಸಿರಿ, ಕೂಡುವ ಬಿಡಿ ಬಿಂದುಗಳು ಅದನ್ನು ಮೀರವು. ಗೆರೆಯದು 1, ವೃತ್ತದ್ದು 2; ಗೆರೆ ವೃತ್ತವನ್ನು ಎರಡಕ್ಕಿಂತ ಹೆಚ್ಚು ಕಡೆ ಕಡಿಯದೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು.

ಹಾಗಾದರೆ ಫಂಕ್ಷನ್ನುಗಳೆರಡೂ ಆಮೆಗಳಾದರೆ ಅವು ಕೂಡುವ ಸ್ಥಾನಗಳೂ ವಿರಳವಾಗಿರಬೇಕಲ್ಲವೆ? ಯಾರಿಗಾದರೂ ಹಾಗೆಯೇ ತೋರೀತು. 1972ರಲ್ಲಿ ಕೊರ್ನಾಲ್ಬಾ ಮತ್ತು ಶಿಫ್‌ಮನ್ ಎಂಬಿಬ್ಬರು ಅಂಥ ಆಮೆಗಳ ಜೋಡಿಯನ್ನೇ ಕಟ್ಟಿ ತೋರಿಸಿದರು. ಎರಡೂ ಅತಿ ನಿಧಾನ. ಆದರೂ ಒಟ್ಟಿಗೆ ಸೊನ್ನೆಯಾಗುವ ಸ್ಥಾನಗಳ ಸಂಖ್ಯೆಯನ್ನು ನಾವು ಬಯಸಿದಷ್ಟು ವೇಗವಾಗಿ ಏರಿಸಬಹುದು! ಇಬ್ಬರು ಮಿತವ್ಯಯಿಗಳು ಸೇರಿ ನಡೆಸಿದ ಸಂಸಾರದಲ್ಲಿ ಸಾಲ ಬೆಟ್ಟವಾದಂತೆ. (ಇದು ಹೋಲಿಕೆ ಮಾತ್ರ, ಯಾರನ್ನೂ ಕುರಿತದ್ದಲ್ಲ.)

ಹಾಗೆಂದು ಹಳೆಯ ನಂಬಿಕೆ ಪೂರ್ತಿ ಸುಳ್ಳಾಗಲಿಲ್ಲ. ಸೊನ್ನೆಯೊಂದನ್ನೇ ಹಿಡಿಯದೆ ಅದರ ಆಸುಪಾಸಿನ ಬೆಲೆಗಳನ್ನೂ ಸೇರಿಸಿ ಸರಾಸರಿ ತೆಗೆದರೆ ಸಂಖ್ಯೆ ಮತ್ತೆ ಬೆಳವಣಿಗೆಯ ಹತೋಟಿಗೆ ಬರುತ್ತದೆ. ಸರಾಸರಿಯಲ್ಲಿ ಕಾಣದ ತುಂಟತನ ಬಿಡಿಯಾಗಿ ನೋಡಿದಾಗ ಎಲ್ಲೆಲ್ಲಿ ಅಡಗಿದೆ ಎಂಬುದನ್ನು ಹುಡುಕುವುದೂ ಸಂಶೋಧನೆಯೇ.