ಮಾಯೆಯ ಬೇರು ಮಣ್ಣಿನಲ್ಲಿದೆ

ಮಕ್ಕಳ ಫ್ಯಾಂಟಸಿ ಕಾದಂಬರಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ ಎಂದರೆ ಸಾಕು, ಎರಡು ಬಗೆಯ ಜನ ಎದುರಾಗುತ್ತಾರೆ. ‘ಅದೆಲ್ಲ ಪಲಾಯನ’ ಎಂದು ಒಂದೇ ಮಾತಿನಲ್ಲಿ ಮುಗಿಸುವ ವಿದ್ವಾಂಸರು ಮೊದಲಿನವರು. ಯಾವ ಪಾತ್ರಕ್ಕೆ ಎಷ್ಟು ಶಕ್ತಿ ಎಂದು ಪಟ್ಟಿ ಹಿಡಿದು ಬರುವ ಅಭಿಮಾನಿಗಳು ಎರಡನೆಯವರು. ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗಾಗದು. ಆದರೂ ಇಬ್ಬರ ತಪ್ಪು ಒಂದೇ: ಮಾಯೆಯೆಂದರೆ ಅಂಕೆಯಿಲ್ಲದ ಶಕ್ತಿ ಎಂದು ನಂಬಿರುವುದು.

ಐರ್ಲೆಂಡಿನ ಓವನ್ ಕೋಲ್ಫರ್ ಬರೆದ ‘ಆರ್ಟೆಮಿಸ್ ಫೌಲ್’ ಸರಣಿಯನ್ನೇ ನೋಡಿ. 2001ರಿಂದ 2012ರವರೆಗೆ ಎಂಟು ಕಾದಂಬರಿಗಳು ಬಂದವು. ಇಲ್ಲಿನ ಕಿನ್ನರರಿಗೆ ಗಾಯ ಮಾಯಿಸುವುದು ಗೊತ್ತು. ಯಾವ ಭಾಷೆಯನ್ನಾದರೂ ಆಡಬಲ್ಲರು. ಕಣ್ಣಿಗೆ ನಿಲುಕದಷ್ಟು ವೇಗವಾಗಿ ಮೈ ಕಂಪಿಸಿ ಮರೆಯಾಗುತ್ತಾರೆ. ದನಿ ಮತ್ತು ನೋಟದಿಂದ ಮನುಷ್ಯರನ್ನು ವಶಮಾಡಿಕೊಳ್ಳುತ್ತಾರೆ. ಪಟ್ಟಿ ಇಲ್ಲಿಗೆ ಮುಗಿಯುತ್ತದೆ. ಕತೆ ಶುರುವಾಗುವುದು ಇದರ ನಂತರ.

ಈ ಶಕ್ತಿ ಬಳಸಿದಂತೆ ಬರಿದಾಗುತ್ತದೆ. ಕರೆಯದೆ ಮನುಷ್ಯರ ಮನೆ ಹೊಕ್ಕರೆ ಕೈಬಿಟ್ಟು ಹೋಗುತ್ತದೆ. ಮನೆಗಳ್ಳ ಕುಬ್ಜ ಮಲ್ಚ್ ಡಿಗಮ್ಸ್ ಅದನ್ನು ಕಳೆದುಕೊಂಡದ್ದು ಹೀಗೆಯೇ. ಮತ್ತೆ ತುಂಬಿಕೊಳ್ಳಲು ಹುಣ್ಣಿಮೆಯ ರಾತ್ರಿ, ನದಿ ತಿರುಗುವೆಡೆ ಬೆಳೆದ ಹಳೆಯ ಓಕ್ ಮರದ ಬೀಜವೊಂದನ್ನು ಆಯ್ದು, ದೂರದ ಮಣ್ಣಲ್ಲಿ ಹೂಳಬೇಕು. ಆದರೆ ಈ ಕಿನ್ನರರು ಮನುಷ್ಯರ ಕಾಟ ತಾಳಲಾರದೆ ನೆಲದಡಿಗೆ ಇಳಿದವರು. ಅವರ ಶಕ್ತಿಯ ಬೇರು ಮಾತ್ರ ಅವರು ಬಿಟ್ಟುಬಂದ ನೆಲದಲ್ಲೇ ಉಳಿದಿದೆ. ಒಕ್ಕಲೆದ್ದವರು ತಮ್ಮದೇ ನೆಲಕ್ಕೆ ಕದ್ದುಮುಚ್ಚಿ ಬರಬೇಕಾದ ಈ ಸ್ಥಿತಿಯನ್ನು ಪಲಾಯನ ಎನ್ನುವವರು ಯಾವ ವಾಸ್ತವದ ಬಗ್ಗೆ ಮಾತಾಡುತ್ತಿದ್ದಾರೆ?

ಹನ್ನೆರಡರ ಹುಡುಗ ಆರ್ಟೆಮಿಸ್‌ಗೆ ಮಾಯೆ ಗೊತ್ತಿಲ್ಲ, ಓದು ಗೊತ್ತು. ಕುಡಿತಕ್ಕೆ ಬಿದ್ದ ಕಿನ್ನರಿಯೊಬ್ಬಳಿಗೆ ವಿಷವಿಕ್ಕಿ, ಮದ್ದಿನ ಆಸೆ ತೋರಿಸಿ ಅವರ ಪವಿತ್ರ ಗ್ರಂಥದ ಪ್ರತಿ ಪಡೆಯುತ್ತಾನೆ. ಕಂಪ್ಯೂಟರಿನಲ್ಲಿ ಲಿಪಿ ಬಿಡಿಸುತ್ತಾನೆ. ವಿಧಿ ತಿಳಿದ ಮೇಲೆ ಅಂಥದೊಂದು ಮರದ ಬಳಿ ಹೊಂಚುಹಾಕುತ್ತಾನೆ. ಶಕ್ತಿ ಬರಿದಾಗಿ ಬಂದ ಹಾಲಿ ಶಾರ್ಟ್ ಎಂಬ ಕಿನ್ನರ ಪೊಲೀಸ್ ಅಧಿಕಾರಿ ಸೆರೆಯಾಗುತ್ತಾಳೆ. ಬಿಡುಗಡೆಗೆ ಒಂದು ಟನ್ ಚಿನ್ನ ಕೊಡಬೇಕು. ಕ್ಷೇತ್ರಕಾರ್ಯ, ಹಸ್ತಪ್ರತಿ, ಲಿಪಿಶೋಧ: ನಾವು ಸಂಶೋಧಕರು ಹೆಮ್ಮೆಯಿಂದ ಹೇಳಿಕೊಳ್ಳುವ ಕೆಲಸಗಳೇ ಇಲ್ಲಿ ಅಪಹರಣದ ಹತಾರಗಳು. ಒಂದು ಜನ ಪವಿತ್ರವೆಂದು ಕಾಪಾಡಿಕೊಂಡದ್ದನ್ನು ಅರ್ಥಮಾಡಿಕೊಂಡ ಮಾತ್ರಕ್ಕೆ ಅವರ ಗೆಳೆಯರಾಗುತ್ತೇವೆ ಎಂಬ ನಮ್ಮ ಭ್ರಮೆಗೆ ಇದಕ್ಕಿಂತ ಖಾರವಾದ ಉತ್ತರವನ್ನು ನಾನು ಓದಿಲ್ಲ.

‘ತಮಾಷೆಯ ಸಾಹಸಕತೆಗೆ ಇಷ್ಟು ಭಾರ ಹೊರಿಸಬೇಡಿ’ ಎನ್ನುವವರು ಸೆರೆಮನೆಯ ಭಾಗವನ್ನು ಮತ್ತೊಮ್ಮೆ ಓದಲಿ. ಹಾಲಿಯ ಬಳಿ ಬೀಜವಿದೆ, ಕಾಲಡಿಯಲ್ಲಿ ಕಾಂಕ್ರೀಟು. ಮಂಚವನ್ನು ಎತ್ತಿ ಎತ್ತಿ ಕುಕ್ಕಿ ಆ ನೆಲವನ್ನು ಒಡೆದು, ಕಂಡ ಹಿಡಿ ಮಣ್ಣಿನಲ್ಲಿ ಬೀಜ ನೆಡುತ್ತಾಳೆ. ಹಾಗೆ ಮರಳಿ ಪಡೆದ ಶಕ್ತಿಯಿಂದ, ತನ್ನನ್ನು ಸೆರೆಹಿಡಿದ ಸೇವಕ ಬಟ್ಲರ್ ಸಾಯುತ್ತಿರುವಾಗ ಅವನನ್ನು ಬದುಕಿಸುತ್ತಾಳೆ. ಯಾವ ಪಟ್ಟಿಯಲ್ಲಿ ಸೇರಿಸುತ್ತೀರಿ ಇದನ್ನು?

2020ರ ಡಿಸ್ನಿ ಸಿನಿಮಾ ಚಿನ್ನಕ್ಕಾಗಿ ಅಪಹರಿಸುವ ಹುಡುಗನನ್ನು ತಂದೆಯನ್ನು ಉಳಿಸಹೊರಟ ಸುಪುತ್ರನನ್ನಾಗಿ ಮಾಡಿತು. ಕಳ್ಳನನ್ನು ತೊಳೆದು ಶುದ್ಧಮಾಡಿದ ಮೇಲೆ ಮಾಯೆಯೂ ಬರೀ ಬೆಳಕಿನಾಟವಾಯಿತು. ಶಕ್ತಿಗಳನ್ನು ಎಣಿಸುವವರಿಗೆ ಅಷ್ಟು ಸಾಕೇನೋ. ನಮಗೆ ಸಾಲದು. ಆ ಶಕ್ತಿ ಎಲ್ಲಿಂದ ಬರುತ್ತದೆ, ಆ ದಾರಿಯಲ್ಲಿ ಹೊಂಚುಹಾಕಿ ಕೂತವರು ಯಾರು ಎಂದು ಕೇಳದೆ ಈ ಕಾದಂಬರಿಗಳನ್ನು ಓದಿದೆವೆಂದು ಹೇಳಿಕೊಳ್ಳುವುದು ಬೇಡ.