“ಹೊಸ ಮಾಲು ಬರಲಿ, ಕಾಯಿರಿ” ಎನ್ನುವವರಿಗೆ

ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳಬೇಕೆಂದು ಹಣ ಕೂಡಿಟ್ಟವನ ಕಿವಿಗೆ ಬೀಳುವುದು ಒಂದೇ ಮಾತು: ಕಾಯಿರಿ. ಮೂರು ತಿಂಗಳಿಗೆ ಹೊಸದು ಬರುತ್ತದೆ, ಈಗ ಕೊಂಡವನು ಮೂರ್ಖ. ಜಾಹೀರಾತು ಇದನ್ನೇ ಹೇಳುತ್ತದೆ, ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಸೋದರಳಿಯನೂ ಇದನ್ನೇ ಹೇಳುತ್ತಾನೆ. ಹಾಗೆ ಕಾದವನು ಹೊಸದು ಬಂದ ದಿನ ಅಂಗಡಿಗೆ ಹೋದರೆ, ಇದರ ಮುಂದಿನದಕ್ಕೆ ಕಾಯಿರೆಂದು ಹೇಳಲು ಮತ್ತೊಬ್ಬ ಸಿದ್ಧನಾಗಿರುತ್ತಾನೆ. ಈ ಕಾಯುವಿಕೆಯಿಂದ ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬ ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ.

ಅದಕ್ಕೂ ಮೊದಲು ಒಂದು ಆಕ್ಷೇಪಣೆಯನ್ನು ತೀರಿಸಿಬಿಡುವುದು ಮೇಲು. ಮಿಲ್ಲಿನ ಕಾರ್ಮಿಕನ ಮಗನಿಗೆ ಆಟದ ಯಂತ್ರವೇಕೆಂದು ಮೂಗು ಮುರಿಯುವ ಹಿರಿಯರಿದ್ದಾರೆ. ಸಾಹುಕಾರನ ಮಗ ಆಡಿದರೆ ಹವ್ಯಾಸ, ನಮ್ಮ ಹುಡುಗ ಆಡಿದರೆ ದುಂದುಗಾರಿಕೆಯೆ? ಅಲ್ಲದೆ ಇದು ಬರೀ ಆಟದ ಯಂತ್ರವೂ ಅಲ್ಲ. ಎಂಜಿನಿಯರಿಂಗ್ ಓದುವವನು ನಕ್ಷೆ ಬರೆಯುವುದು ಇದರಲ್ಲಿ. ಸಣ್ಣ ಊರುಗಳ ಸ್ಟುಡಿಯೋದವರು ಮದುವೆಯ ವಿಡಿಯೋ ಕತ್ತರಿಸಿ ಜೋಡಿಸುವುದೂ ಬಹುಮಟ್ಟಿಗೆ ಇದರಲ್ಲಿಯೇ. ಆದುದರಿಂದ ಕೊಳ್ಳಬೇಕೇ ಬೇಡವೇ ಎಂಬುದನ್ನು ಅವರವರ ಮನೆಗೆ ಬಿಟ್ಟು, ಯಾವಾಗ ಎಂಬುದನ್ನು ಮಾತ್ರ ನೋಡುವ.

ಒಂದು ನಿಜವಾದ ಉದಾಹರಣೆಯನ್ನು ತೆಗೆದುಕೊಳ್ಳಿರಿ. ಈ ಯಂತ್ರಗಳಲ್ಲಿ ಚಿತ್ರ ಮೂಡಿಸುವ ಚಿಪ್ಪನ್ನು ಹೆಚ್ಚಿನ ಮಟ್ಟಿಗೆ ಒದಗಿಸುವುದು ಎನ್‌ವಿಡಿಯಾ ಎಂಬ ಅಮೆರಿಕದ ಕಂಪೆನಿ. ಅದರ ಮುಖ್ಯಸ್ಥ ಜೆನ್ಸೆನ್ ಹುವಾಂಗ್ 2025ರ ಜನವರಿ 6ರಂದು ಲಾಸ್ ವೇಗಾಸ್ ನಗರದಲ್ಲಿ ವೇದಿಕೆ ಹತ್ತಿ ಆರ್‌ಟಿಎಕ್ಸ್ 50 ಎಂಬ ಹೊಸ ಸಾಲನ್ನು ಪ್ರಕಟಿಸಿದರು. ಅಂದಿನಿಂದ ಲೋಕವೆಲ್ಲ ಕಾಯತೊಡಗಿತು. ಆದರೆ ಎಲ್ಲರೂ ಒಂದೇ ಸಮನಾಗಿ ಕಾದರೇ? ಇಲ್ಲ. 2,899 ಡಾಲರಿನಿಂದ ಮೇಲ್ಪಟ್ಟ 5090 ಲ್ಯಾಪ್‌ಟಾಪಿಗೂ 2,199ರ 5080ಕ್ಕೂ ಕಂಪೆನಿ ಗೊತ್ತು ಮಾಡಿದ್ದು ಮಾರ್ಚ್ ತಿಂಗಳು. 1,299ರ 5070ಕ್ಕೆ ಏಪ್ರಿಲ್. ಅದಕ್ಕಿಂತ ಕೆಳಗಿನ 5060 ಹೊರಬಂದುದು ಮೇ ತಿಂಗಳಿನಲ್ಲಿ. ಎಲ್ಲಕ್ಕಿಂತ ಅಗ್ಗದ 5050 ಪ್ರಕಟವಾದುದೇ ಜೂನ್ 24ರಂದು. ದುಡ್ಡುಳ್ಳವನ ಸರದಿ ಮೊದಲು, ಬೋನಸ್ಸಿನ ಹಣ ಹಿಡಿದು ನಿಂತವನ ಸರದಿ ಕೊನೆಗೆ! ಪಡಿತರ ಅಂಗಡಿಯ ಸಾಲಿನಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಗಲಾಟೆಯಾಗುತ್ತಿತ್ತು.

ಆ ತಿಂಗಳುಗಳು ಎಂಥವು ಎಂಬುದನ್ನೂ ಗಮನಿಸಬೇಕು. ಜನವರಿಯಿಂದ ಜೂನ್‌ವರೆಗೆ ಎಂದರೆ ನಮ್ಮಲ್ಲಿ ಮಾಘದಿಂದ ಜ್ಯೇಷ್ಠದವರೆಗಿನ ಮದುವೆಯ ಕಾಲ. ಹಳೆಯ ಯಂತ್ರ ಕೈಕೊಟ್ಟ ಸ್ಟುಡಿಯೋದವನು ಅಗ್ಗದ ಹೊಸ ಮಾಲಿಗೆಂದು ಕಾದಿದ್ದರೆ, ಅದು ಬರುವ ಹೊತ್ತಿಗೆ ಆಷಾಢ ಬಾಗಿಲಿಗೆ ಬಂದಿತ್ತು. ಅಷ್ಟು ಮದುವೆಗಳ ಕೆಲಸ ಪಕ್ಕದ ಬೀದಿಯವನ ಪಾಲಾಗಿತ್ತು. ಈ ನಷ್ಟವನ್ನು ಯಾವ ಜಾಹೀರಾತಿನ ಬೆಲೆಪಟ್ಟಿಯಲ್ಲಿಯೂ ಬರೆದಿರುವುದಿಲ್ಲ.

ಇಷ್ಟು ಕಾದವನಿಗೆ ದೊರೆತದ್ದಾದರೂ ಏನು? ಹಳೆಯ 4070 ಲ್ಯಾಪ್‌ಟಾಪ್ ಚಿಪ್ಪಿನಲ್ಲಿ ಲೆಕ್ಕ ಮಾಡುವ ಘಟಕಗಳು 4,608. ಹೊಸ 5070ರಲ್ಲಿಯೂ 4,608. ಹಳೆಯದರ ಮೆಮರಿ 8 ಜಿಬಿ, ಹೊಸದರದೂ 8 ಜಿಬಿ. ಮೆಮರಿಯ ವೇಗ ಹೆಚ್ಚಿದೆ, ನಿಜ. ಚಿಪ್ಪಿನ ಒಳರಚನೆಯೂ ಬದಲಾಗಿದೆ, ಅದನ್ನೂ ಒಪ್ಪೋಣ. 4060ರ 3,072 ಘಟಕಗಳು 5060ರಲ್ಲಿ 3,328 ಆದವು. ಅಲ್ಲಿಯೂ ಮೆಮರಿ ಅದೇ 8 ಜಿಬಿ.

ಹಾಗಿದ್ದರೆ ವೇದಿಕೆಯ ಮೇಲಿನ ಅಬ್ಬರ ಯಾವುದರದು? 549 ಡಾಲರಿನ 5070 ಕಾರ್ಡು ಹಿಂದಿನ 1,599 ಡಾಲರಿನ 4090ರ ಕೆಲಸ ಮಾಡುವುದೆಂದು ಅಂದು ಸಾರಲಾಯಿತು. (ಅದು ಮೇಜಿನ ಕಂಪ್ಯೂಟರಿನ ಕಾರ್ಡು.) ಗುಟ್ಟು ಇಷ್ಟೆ: ಪರದೆಯ ಮೇಲೆ ಓಡುವ ನಾಲ್ಕು ಚಿತ್ರಗಳಲ್ಲಿ ಒಂದನ್ನು ಮಾತ್ರ ಚಿಪ್ಪು ಪೂರ್ತಿಯಾಗಿ ಬರೆಯುತ್ತದೆ, ಉಳಿದ ಮೂರನ್ನು ಊಹಿಸಿ ತುಂಬುತ್ತದೆ. ಕಣ್ಣಿಗೆ ಓಟ ನುಣುಪಾಗಿ ಕಾಣುವುದು ಸುಳ್ಳಲ್ಲ. ಆದರೆ ಗುಂಡಿ ಒತ್ತಿದಾಗ ಆಟದೊಳಗಿನ ಮನುಷ್ಯ ತಿರುಗುವ ಚುರುಕು ಊಹೆಯ ಚಿತ್ರಗಳಿಂದ ಹೆಚ್ಚುವುದಿಲ್ಲ. ಗಂಜಿ ಕುಡಿಸಿ ತೂಕ ಹೆಚ್ಚಿಸಿದ ಬಟ್ಟೆಯನ್ನು ನಮ್ಮ ಮಿಲ್ಲಿನವರು ಬೆರಳಲ್ಲಿ ಉಜ್ಜಿಯೇ ಗುರುತಿಸಬಲ್ಲರು. ಇಲ್ಲಿ ಉಜ್ಜಿ ನೋಡುವ ಉಪಾಯವಿಲ್ಲ, ಅಷ್ಟೆ.

ಹೆಸರಿನ ಮೋಸ ಇನ್ನೂ ದೊಡ್ಡದು. ಮೇಜಿನ ಕಂಪ್ಯೂಟರಿನ 5090ರಲ್ಲಿ ಘಟಕಗಳು 21,760. ಲ್ಯಾಪ್‌ಟಾಪಿನ 5090ರಲ್ಲಿ 10,496. ಅರ್ಧಕ್ಕೂ ಕಡಮೆ, ಆದರೆ ಹೆಸರು ಅದೇ! ನಲವತ್ತರ ನೂಲಿಗೆ ಎಂಬತ್ತರ ಚೀಟಿ ಅಂಟಿಸಿ ಕಳುಹಿಸಿದ ಗಿರಣಿಯನ್ನು ಯಾವ ಜವಳಿ ವ್ಯಾಪಾರಿ ಸುಮ್ಮನೆ ಬಿಟ್ಟಾನು? ಒಂದೇ ಲ್ಯಾಪ್‌ಟಾಪ್ ಹೆಸರಿನೊಳಗೂ ಭೇದವಿದೆ. 4070 ಚಿಪ್ಪಿಗೆ 35 ವ್ಯಾಟಿನಿಂದ 115 ವ್ಯಾಟಿನವರೆಗೆ ಎಷ್ಟು ವಿದ್ಯುತ್ತು ಉಣಿಸಬೇಕೆಂಬುದನ್ನು ಲ್ಯಾಪ್‌ಟಾಪ್ ತಯಾರಿಸುವವನು ಗೊತ್ತುಮಾಡಬಹುದು. ಅರೆಹೊಟ್ಟೆಯ ಎತ್ತು ಎಷ್ಟು ಉತ್ತೀತು? ಹಿಂದೆ ಕಡಮೆ ವಿದ್ಯುತ್ತಿನ ಮಾದರಿಗಳ ಹೆಸರಿನ ಜೊತೆಗೆ ‘ಮ್ಯಾಕ್ಸ್-ಕ್ಯೂ’ ಎಂಬ ಗುರುತಾದರೂ ಇರುತ್ತಿತ್ತು. 2021ರ ಸಾಲಿನಿಂದ ಹೆಸರಿನಲ್ಲಿ ಅದೂ ಹೋಯಿತು. ಹೊಟ್ಟೆ ತುಂಬ ಉಂಡ ಹಳೆಯ ಚಿಪ್ಪು ಅರೆಹೊಟ್ಟೆಯ ಹೊಸ ಚಿಪ್ಪನ್ನು ಹಿಂದೆ ಹಾಕುವುದು ಸಾಧ್ಯವಿರುವಾಗ, ಹೊಸ ನಂಬರಿಗಾಗಿ ಆರು ತಿಂಗಳು ಕಾಯುವುದರಲ್ಲಿ ಅರ್ಥವೇನಿದೆ?

ಎಂದ ಮಾತ್ರಕ್ಕೆ ಎಂದೂ ಕಾಯಲೇಬಾರದೆಂದು ನಾವು ಹೇಳುವುದಿಲ್ಲ. ಕೈಯಲ್ಲಿರುವ ಯಂತ್ರ ನಡೆಯುತ್ತಿದ್ದರೆ ಕಾಯಲಿ, ಅವಸರವೇನು? ಹೊಸದರಲ್ಲಿ ಬರುವ ಇಂಥದೇ ಗುಣ ತನ್ನ ಕೆಲಸಕ್ಕೆ ಬೇಕೆಂದು ಬೆರಳಿಟ್ಟು ತೋರಿಸಬಲ್ಲವನೂ ಕಾಯಲಿ. 2025ರಲ್ಲಿ ಅಂಥವರು ಇದ್ದರು. 5070 ಟಿಐ ಲ್ಯಾಪ್‌ಟಾಪಿಗೆ 12 ಜಿಬಿ ಮೆಮರಿ ಬಂತು. ದೊಡ್ಡ ಚಿತ್ರ ಎಳೆಯುವವರಿಗೆ ಅದು ನಿಜವಾದ ಹೆಚ್ಚಳ. 4:2:2 ಎಂಬ ಕ್ರಮದಲ್ಲಿ ಬಣ್ಣ ದಾಖಲಿಸುವ ಕ್ಯಾಮರಾ ಇರುವ ಸ್ಟುಡಿಯೋಗಳಿಗೆ ಆ ವಿಡಿಯೋವನ್ನು ಚಿಪ್ಪಿನಲ್ಲಿಯೇ ಬಿಡಿಸುವ ಅನುಕೂಲ 50ರ ಸಾಲಿನಲ್ಲಿ ದೊರೆಯಿತು. ಇವರು ಕಾದದ್ದು ಕೆಲಸಕ್ಕಾಗಿ. ಉಳಿದವರು ಕಾದದ್ದು ನಂಬರಿಗಾಗಿ.

ಹೊಸದು ಬಂದರೆ ಹಳೆಯದರ ಬೆಲೆ ಇಳಿಯುತ್ತದೆ, ಆಗ ಹಳೆಯದನ್ನೇ ಕೊಂಡರಾಯಿತು ಎಂಬ ಜಾಣರೂ ಇದ್ದಾರೆ. ಕೆಲವು ವರ್ಷ ಹಾಗೆ ನಡೆದದ್ದುಂಟು. ಆದರೆ 2025ರ ಕೊನೆಯ ತಿಂಗಳುಗಳಲ್ಲಿ ಏನಾಯಿತು? ಪ್ರಪಂಚದ ಮೆಮರಿ ಚಿಪ್ಪುಗಳಲ್ಲಿ ಬಹುಪಾಲನ್ನು ತಯಾರಿಸುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪೆನಿಗಳು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳು ಹೆಚ್ಚು ಹಣ ಕೊಟ್ಟು ಆ ಮಾಲನ್ನು ಎಳೆದುಕೊಂಡವು, ಮೆಮರಿಯ ಬೆಲೆ ಹಠಾತ್ತಾಗಿ ಮೇಲೇರಿತು. ಅದೇ ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ‘ಕ್ರೂಷಿಯಲ್’ ಎಂಬ ಚಿಲ್ಲರೆ ಮಾರಾಟವನ್ನೇ ಮುಚ್ಚುವುದಾಗಿ ಸಾರಿತು. ಇಳಿಯುವ ಬೆಲೆಗೆಂದು ಕುಳಿತಿದ್ದವನು ಏರುವ ಬೆಲೆಯ ಮುಂದೆ ನಿಲ್ಲಬೇಕಾಯಿತು. ಅವನು ಮಾಡಿದ್ದು ಉಳಿತಾಯವಲ್ಲ, ಜೂಜು. ದಾಳ ಅವನ ಕೈಯಲ್ಲಿರಲಿಲ್ಲ.

ಕಾಯುವ ಗಿರಾಕಿಯಿಂದ ಅಂಗಡಿಯವನ ಪಾಡೇನು ಎಂಬುದಕ್ಕೂ ಹಳೆಯ ನಿದರ್ಶನವಿದೆ. ತಮಿಳುನಾಡಿನಲ್ಲಿ ಬೆಳೆದು 2003ರಲ್ಲಿ ಕೊಡೈಕನಾಲಿನಲ್ಲಿ ತೀರಿಕೊಂಡ ಆಡಮ್ ಆಸ್ಬರ್ನ್ ಎಂಬವರು 1981ರಲ್ಲಿ ಅಮೆರಿಕದಲ್ಲಿ 1,795 ಡಾಲರಿಗೆ ಹೊತ್ತೊಯ್ಯುವ ಕಂಪ್ಯೂಟರನ್ನು ಮಾರಿದರು. ತೂಕ ಸುಮಾರು 11 ಕಿಲೋ. ಇಂದಿನ ಲ್ಯಾಪ್‌ಟಾಪಿನ ಅಜ್ಜನೆನ್ನಬಹುದು. ಮುಂದಿನ ಮಾದರಿಯ ಸುದ್ದಿ ಮುಂಚಿತವಾಗಿಯೇ ಹೊರಬಿದ್ದಿತು. ವ್ಯಾಪಾರಿಗಳು ಹಳೆಯದರ ಬೇಡಿಕೆ ರದ್ದು ಮಾಡಿದರು. 1983ರ ಸೆಪ್ಟೆಂಬರಿನಲ್ಲಿ ಕಂಪೆನಿ ದಿವಾಳಿ ಸಾರಿತು. ಇದೊಂದೇ ಕಾರಣವಲ್ಲವೆಂದು ವಾದಿಸುವವರಿದ್ದಾರೆ, ಇರಲಿ. ಇಂದಿನ ಚಿಪ್ಪಿನ ಕಂಪೆನಿ ಆ ಪಾಠವನ್ನು ಚೆನ್ನಾಗಿ ಕಲಿತಿದೆ. ತಯಾರಿಸಿದ ಚಿಪ್ಪನ್ನು ಮೊದಲೇ ಮಾರಿ ಹಣ ಎಣಿಸಿಕೊಂಡು, ಆಮೇಲೆ ವೇದಿಕೆ ಹತ್ತುತ್ತದೆ. ಹಳೆಯ ಪೆಟ್ಟಿಗೆಗಳು ಕೊಳೆಯುವುದು ಜಿಲ್ಲಾ ಪಟ್ಟಣದ ಅಂಗಡಿಯಲ್ಲಿ, ಸಾಲ ಮಾಡಿ ಮಾಲು ತರಿಸಿದವನ ಕಪಾಟಿನಲ್ಲಿ.

ಕಾದು ಕಾದು ಕೊನೆಗೆ ಕೂಡಿಟ್ಟ ಹಣ ಸಾಲದೆ ಬಂದವನಿಗೆ ‘ಬಡ್ಡಿಯಿಲ್ಲದ ಕಂತು’ ಎಂಬ ಗಾಳ ಬೇರೆ ಇದೆ. ಸೊನ್ನೆ ಬಡ್ಡಿಯೆಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿದೆ. ಬಡ್ಡಿ ಸರಕಿನ ಬೆಲೆಯೊಳಗೆ ಅವಿತಿರುತ್ತದೆ, ಇಲ್ಲವೆ ನಗದು ಕೊಟ್ಟಿದ್ದರೆ ದೊರೆಯುತ್ತಿದ್ದ ಸೋಡಿಯಲ್ಲಿ ಕರಗಿರುತ್ತದೆ. ಕ್ರೆಡಿಟ್ ಕಾರ್ಡಿನ ಕಂತಾದರೆ ಆ ಬಡ್ಡಿಯ ಮೇಲೆ ಶೇಕಡ 18ರ ಜಿಎಸ್‌ಟಿಯನ್ನೂ ತೆರಬೇಕು.

ಆದುದರಿಂದ ಬಂಧುಗಳೇ, ಅಂಗಡಿಗೆ ಹೋದಾಗ ‘ಹೊಸದು ಯಾವಾಗ’ ಎಂದು ಕೇಳುವುದನ್ನು ಬಿಟ್ಟು, ಎಷ್ಟು ವ್ಯಾಟು, ಎಷ್ಟು ಜಿಬಿ, ಮೆಮರಿಯನ್ನು ಮುಂದೆ ಹೆಚ್ಚಿಸಲು ಬರುವುದೇ ಇಲ್ಲವೇ ಎಂದು ಕೇಳಿರಿ. ಪೆಟ್ಟಿಗೆಯನ್ನು ತಿರುಗಿಸಿ ನೋಡಿರಿ. ತೂಕ ಮತ್ತು ಅಳತೆಯ ಕಾನೂನಿನ 2011ರ ನಿಯಮಗಳಂತೆ ಗರಿಷ್ಠ ಮಾರಾಟ ಬೆಲೆಯನ್ನೂ ಮಾಲಿನ ತಿಂಗಳು ವರ್ಷವನ್ನೂ ಅದರ ಮೇಲೆ ಮುದ್ರಿಸಿರಬೇಕು. ಬಿಸ್ಕತ್ತಿನ ಪೊಟ್ಟಣದ ಮೇಲೆ ಗ್ರಾಮು ಮುದ್ರಿಸಬೇಕೆನ್ನುವ ಸರ್ಕಾರ, ಸಾವಿರಾರು ರೂಪಾಯಿಯ ಈ ಪೆಟ್ಟಿಗೆಯ ಮೇಲೆ ಗ್ರಾಫಿಕ್ಸ್ ಚಿಪ್ಪಿನ ವ್ಯಾಟನ್ನು ಕನ್ನಡದಲ್ಲಿ, ಬೆಲೆಯ ಪಕ್ಕದಲ್ಲಿ, ಅದೇ ಗಾತ್ರದ ಅಂಕಿಗಳಲ್ಲಿ ಮುದ್ರಿಸಬೇಕೆಂದು ಏಕೆ ಕಡ್ಡಾಯ ಮಾಡಬಾರದು? ಗಿರಾಕಿಯೂ ಚಿಲ್ಲರೆ ವ್ಯಾಪಾರಿಯೂ ಒಟ್ಟಿಗೆ ನಿಂತು ಕೇಳಬೇಕಾದ ಬೇಡಿಕೆ ಇದು.