ನೀರು ಬಂದೀತು ಎನ್ನಿ, ಸಾಕು

ಗೆ,
ನಮ್ಮ ಮೊಬೈಲಿಗೆ, ಊರಿನ ಮೈಕಿಗೆ, ಪಂಚಾಯಿತಿ ಗೋಡೆಗೆ ಮುನ್ನೆಚ್ಚರಿಕೆ ಕಳಿಸುವ ಎಲ್ಲ ಅಧಿಕಾರಿಗಳಿಗೆ

ವಿಷಯ: ‘ಸಾಧ್ಯತೆ ಇದೆ’ ಎಂಬ ಒಂದೇ ಮಾತಿನಿಂದ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಜನರಿಗೆ ಆಗುತ್ತಿರುವ ತೊಂದರೆ ಕುರಿತು

ಮಾನ್ಯರೆ,

ನಾನು ಕೊಳ್ಳೇಗಾಲ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಯವನು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾಗಿ ಈಗ ಎರಡೆಕರೆ ನೋಡಿಕೊಂಡಿದ್ದೇನೆ. ರಸ್ತೆ, ಚರಂಡಿ, ಬೀದಿದೀಪದ ದೂರುಗಳನ್ನು ಬೇರೆಯವರು ಬರೆಯುತ್ತಿದ್ದಾರೆ. ನನ್ನ ದೂರು ಒಂದು ಪದದ ಮೇಲೆ. ನಗಬೇಡಿ. ಆ ಪದವನ್ನು ನಂಬಿ, ಆಮೇಲೆ ನಂಬದೆ, ನನ್ನ ಒಂದು ಕಣ ಅರಿಶಿನ ಹೋಯಿತು.

ಬೇಯಿಸಿದ ಅರಿಶಿನ ಹತ್ತು ಹದಿನೈದು ದಿನ ಬಿಸಿಲು ಕಾಣಬೇಕು. ನಡುವೆ ನೆನೆದರೆ ಬಣ್ಣ ಕೆಡುತ್ತದೆ, ವ್ಯಾಪಾರಿ ಒಂದು ಕೊಂಬು ಮುರಿದು ಒಳಗೆ ನೋಡಿ ಮಾತಾಡದೆ ಕೆಳಗಿಡುತ್ತಾನೆ. ಆ ವಾರ ದಿನಾ ಬೆಳಿಗ್ಗೆ ಮೊಬೈಲಿಗೆ ಒಂದೇ ಸಂದೇಶ: ‘ನಿಮ್ಮ ಪ್ರದೇಶದಲ್ಲಿ ಮಳೆಯಾಗುವ ಸಾಧ್ಯತೆ ಇದೆ.’ ಮೊದಲನೆಯ ದಿನ ಇಬ್ಬರು ಆಳು ಕರೆದು ಎಲ್ಲ ಗುಡ್ಡೆ ಮಾಡಿಸಿ ಟಾರ್ಪಾಲು ಮುಚ್ಚಿಸಿದೆ. ಹನಿ ಬೀಳಲಿಲ್ಲ. ಎರಡನೆಯ ದಿನವೂ ಅದೇ ಕೂಲಿ, ಅದೇ ಬಿಸಿಲು. ಮೂರನೆಯ ದಿನ ಸಂದೇಶ ಓದುವುದನ್ನೇ ಬಿಟ್ಟೆ. ನಾಲ್ಕನೆಯ ಸಂಜೆ ಪಕ್ಕದ ಹೊಲದ ಅಜ್ಜಿ ಬಿಳಿಗಿರಿ ಬೆಟ್ಟದ ಕಡೆ ಕೈ ಅಡ್ಡ ಹಿಡಿದು ನೋಡಿ, ‘ಮಳ ಬರಂಗದ ಮೇಷ್ಟ್ರೇ’ ಅಂದರು. ಮೊಬೈಲ್ ತೆಗೆದು ನೋಡಿದೆ, ಅದೇ ಹಳೆಯ ಸಾಧ್ಯತೆ. ಮುಕ್ಕಾಲು ಗಂಟೆ ಕಳೆಯುವುದರೊಳಗೆ ಕಣದಿಂದ ಹಳದಿ ನೀರು ಹರಿದು ರಸ್ತೆಗೆ ಬಿತ್ತು.

ಅಜ್ಜಿಗೆ ಹವಾಮಾನ ಶಾಸ್ತ್ರ ಗೊತ್ತಿಲ್ಲ. ಆದರೆ ಎಷ್ಟು ನಂಬಬೇಕು ಎನ್ನುವುದು ಅವರ ಕ್ರಿಯಾಪದದೊಳಗೇ ಇತ್ತು. ನಮ್ಮಲ್ಲಿ ಮಳೆ ಬರುತ್ತೆ ಎಂದರೆ ಒಂದು, ಬರೋ ಹಾಗಿದೆ ಎಂದರೆ ಇನ್ನೊಂದು. ಬರಬಹುದು ಎಂದರೆ ಬಟ್ಟೆ ಹೊರಗೇ ಇರಲಿ ಎಂದು ಅರ್ಥ, ಬಂದರೂ ಬಂದೀತು ಎಂದರೆ ಕೊಡೆ ಹಿಡಿದು ಹೋಗು ಎಂದು. ತೀರ ಹತ್ತಿರವಾದಾಗ ನಾವು ಭವಿಷ್ಯವನ್ನೇ ಬಿಟ್ಟು ಭೂತಕಾಲಕ್ಕೆ ಹೋಗುತ್ತೇವೆ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಮಾದಪ್ಪನ ಬೆಟ್ಟದ ಬಸ್ಸು ಇನ್ನೂ ತಿರುವಿನಲ್ಲಿರುವಾಗಲೇ ‘ಬಂತು ಬಂತು’ ಎಂದು ಜನ ಚೀಲ ಎತ್ತಿಕೊಂಡು ಓಡುವುದನ್ನು ನೀವೂ ನೋಡಿರುತ್ತೀರಿ. ಇನ್ನು ‘ಬಂದೀತು, ಹೋದೀತು, ಬಿದ್ದಾನು’ ಎಂಬ ರೂಪಕ್ಕೆ ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂದು ಹೆಸರು. ನಾನೇ ಎಷ್ಟೋ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ, ಪರೀಕ್ಷೆಗೆ ಒಂದು ಅಂಕಕ್ಕೆ. ಅದು ಎಚ್ಚರಿಕೆಯ ರೂಪ ಎಂದು ಹೇಳಿಕೊಟ್ಟಿರಲಿಲ್ಲ, ಆ ತಪ್ಪು ನನ್ನದು. ‘ಹೊಳೆಗಿಳೀಬೇಡ, ಕೊಚ್ಕೊಂಡು ಹೋದೀಯ’ ಎಂದು ತಾಯಿ ಕೂಗುವುದು ಇದೇ ರೂಪದಲ್ಲಿ. ಹನೂರಿನ ಕಾಡಂಚಿನ ರೈತ ರಾತ್ರಿ ಕಾವಲಿಗೆ ಹೊರಟ ಮಗನಿಗೆ ‘ಆನೆ ಬಂದೀತು, ಬೆಂಕಿ ಆರಿಸಬೇಡ’ ಅನ್ನುವುದೂ ಹೀಗೇ.

ಇಂಗ್ಲಿಷಿನವರೂ ಈ ವಿಷಯದಲ್ಲಿ ಬಡವರಲ್ಲ. ಮೋಡ ಕಣ್ಣಿಗೆ ಕಂಡರೆ ‘ಗೋಯಿಂಗ್ ಟು’, ಇನ್ನೇನು ಬಂತು ಎನ್ನುವಾಗ ‘ಅಬೌಟ್ ಟು’, ಅನುಮಾನವಿದ್ದರೆ ‘ಮೇ’, ಅನುಮಾನ ಹೆಚ್ಚಾದರೆ ‘ಮೈಟ್’. ಸರ್ಕಾರಿ ಮುನ್ಸೂಚನೆಗೆ ಅವರು ಇಟ್ಟುಕೊಂಡ ಪದ ‘ಲೈಕ್ಲಿ’. ಭಾರತ ಹವಾಮಾನ ಇಲಾಖೆ ಅದಕ್ಕೆ ಅಳತೆಯನ್ನೂ ಕಟ್ಟಿದೆ. ಬರೀ ‘ಲೈಕ್ಲಿ’ ಎಂದರೆ ನೂರಕ್ಕೆ 25ರಿಂದ 50, ‘ವೆರಿ ಲೈಕ್ಲಿ’ ಎಂದರೆ 50ರಿಂದ 75, ‘ಮೋಸ್ಟ್ ಲೈಕ್ಲಿ’ ಎಂದರೆ 75ಕ್ಕೂ ಮೇಲೆ. ತಮಾಷೆಯೆಂದರೆ ಜಾಗತಿಕ ತಾಪಮಾನದ ಬಗ್ಗೆ ವರದಿ ಬರೆಯುವ ಐಪಿಸಿಸಿಯವರಿಗೆ ಅದೇ ‘ಲೈಕ್ಲಿ’ 66ರಿಂದ ಶುರುವಾಗುತ್ತದೆ. ಈ ಗೊಂದಲ ಹೊಸದೂ ಅಲ್ಲ. 1951ರಲ್ಲಿ ಅಮೆರಿಕದ ಗುಪ್ತಚರರು ಯುಗೊಸ್ಲಾವಿಯದ ಮೇಲೆ ದಾಳಿಯಾಗುವ ‘ಗಂಭೀರ ಸಾಧ್ಯತೆ’ ಇದೆ ಎಂದು ವರದಿ ಬರೆದರು. ಅದನ್ನು ಬರೆದವರಲ್ಲೊಬ್ಬರಾದ ಶರ್ಮನ್ ಕೆಂಟ್ ಅವರ ಮನಸ್ಸಿನಲ್ಲಿದ್ದದ್ದು ನೂರಕ್ಕೆ 65. ಸಹೋದ್ಯೋಗಿಗಳನ್ನು ಕೇಳಿದರೆ ಒಬ್ಬರದು 20, ಇನ್ನೊಬ್ಬರದು 80. ಒಪ್ಪಿ ಸಹಿ ಹಾಕಿದವರೇ ಒಂದೇ ಮಾತನ್ನು ಇಷ್ಟು ದೂರ ದೂರ ಓದಿಕೊಂಡಿದ್ದರು!

ಅಂಥ ‘ಲೈಕ್ಲಿ’, ‘ವೆರಿ ಲೈಕ್ಲಿ’, ‘ಮೇ’, ‘ಎಕ್ಸ್‌ಪೆಕ್ಟೆಡ್’ ಎಲ್ಲವೂ ನಮ್ಮ ಊರಿಗೆ ಬರುವಾಗ ‘ಸಾಧ್ಯತೆ ಇದೆ’ ಎಂಬ ಒಂದೇ ಅಚ್ಚಿನಲ್ಲಿ ಎರಕವಾಗಿ ಬರುತ್ತವೆ. ತುಂತುರಿಗೂ ಸಾಧ್ಯತೆ, ಸಿಡಿಲಿಗೂ ಸಾಧ್ಯತೆ, ತ್ರೀ ಫೇಸ್ ಕರೆಂಟ್ ಹೋಗುವುದಕ್ಕೂ ಸಾಧ್ಯತೆ. ಹಿಂದೆ ರೇಡಿಯೊದಲ್ಲಿ ‘ಒಂದೆರಡು ಕಡೆ’, ‘ಹಲವೆಡೆ’, ‘ಬಹುತೇಕ ಕಡೆ’ ಎಂದು ಬೇರೆ ಬೇರೆ ಹೇಳುತ್ತಿದ್ದರು. ಅದು ಎಷ್ಟು ಜಾಗದಲ್ಲಿ ಎನ್ನುವ ಅಳತೆ, ಎಷ್ಟು ಖಚಿತ ಎನ್ನುವುದಲ್ಲ, ಆದರೂ ಒಂದು ಅಳತೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಗ ಬಂದ ಸರ್ಕಾರಿ ಕಾಗದವನ್ನು ಓದಿಸಿಕೊಳ್ಳಲು ಅದರ ಭಾಷೆ ಬಲ್ಲವರ ಜಗಲಿಗೆ ಹೋಗಬೇಕಿತ್ತು ಎಂದು ನಮ್ಮಪ್ಪ ಹೇಳುತ್ತಿದ್ದರು. ಈಗ ಕಾಗದ ಕನ್ನಡದಲ್ಲೇ ಬರುತ್ತದೆ, ಓದಿದ ಮೇಲೂ ಏನು ಮಾಡಬೇಕೆಂದು ತಿಳಿಯುವುದಿಲ್ಲ.

ಮಳೆಯನ್ನಾದರೂ ಬಿಡಿ, ಮೋಡ ಯಾರ ಮಾತೂ ಕೇಳುವುದಿಲ್ಲ. ನನಗೆ ನಿಜವಾಗಿ ಸಿಟ್ಟು ಬರುವುದು ಹೊಳೆಯ ವಿಚಾರದಲ್ಲಿ. ಕಾವೇರಿ, ಕಪಿಲೆ ತಿರುಮಕೂಡಲಿನಲ್ಲಿ ಸೇರಿ ತಲಕಾಡು ದಾಟಿ ನಮ್ಮ ಕಡೆಗೆ ಬರುತ್ತವೆ. ದಾಸನಪುರ, ಮುಳ್ಳೂರು, ಹರಳೆ, ಹಳೇ ಹಂಪಾಪುರದವರಿಗೆ 2018 ಮತ್ತು 2019ರ ಆಗಸ್ಟ್ ತಿಂಗಳ ನೆರೆ ಇನ್ನೂ ಮರೆತಿಲ್ಲ. ಪ್ರತಿ ಮಳೆಗಾಲ ಆಟೋದ ಮೈಕಿನಲ್ಲಿ ಕೂಗುವುದು ಇದು: ‘ಯಾವುದೇ ಸಮಯದಲ್ಲಿ ಅಣೆಕಟ್ಟಿನಿಂದ ಹೆಚ್ಚುವರಿ ನೀರು ಬಿಡುವ ಸಾಧ್ಯತೆ ಇರುತ್ತದೆ.’ ಸ್ವಾಮಿ, ಗೇಟು ಎತ್ತುವವರು ನಿಮ್ಮವರೇ ತಾನೆ? ಮೋಡಕ್ಕೆ ಹೇಳುವ ಮಾತನ್ನು ಗೇಟಿಗೆ ಹೇಳಿದರೆ ಹೇಗೆ? ಊಟಕ್ಕೆ ಕರೆದು ಎಲೆ ಹಾಕಿ, ಬಡಿಸುವ ಸಾಧ್ಯತೆ ಇದೆ ಎಂದಂತಾಯಿತು. ಜೂನ್‌ನಿಂದ ಆಗಸ್ಟ್‌ವರೆಗೆ ಅದೇ ವಾಕ್ಯ ಕೇಳಿ ಕೇಳಿ, ನಿಜವಾಗಿ ನೀರು ಬಿಟ್ಟ ದಿನ ನಮ್ಮ ಬೀದಿಯವರು ಟಿ.ವಿ. ನೋಡುತ್ತ ಕೂತಿದ್ದರು. ರಾತ್ರಿ ಕೊಟ್ಟಿಗೆಯಲ್ಲಿ ದನ ಕೂಗಿಕೊಂಡಾಗ ಎದ್ದರು.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೆ. ಮಳೆಯ ಸಂದೇಶದಲ್ಲಿ ಅಳತೆ ಬಿಡಬೇಡಿ, ‘ನೂರಕ್ಕೆ ಮೂವತ್ತು’ ಎಂದು ಅಂಕಿಯಲ್ಲೇ ಬರೆಯಿರಿ. ನೂರಕ್ಕೆ ಇಷ್ಟು ಎಂಬ ಲೆಕ್ಕ ಬಡ್ಡಿ ಕಟ್ಟುವ ನಮಗೆ ಚೆನ್ನಾಗಿ ಗೊತ್ತು. ನೀರು ಬಿಡುವುದು ತೀರ್ಮಾನವಾದ ಮೇಲೆ ‘ಬಿಡುತ್ತೇವೆ’ ಎನ್ನಿ, ಎಷ್ಟು ಕ್ಯುಸೆಕ್, ಯಾವ ಹಳ್ಳಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ, ದೇವಸ್ಥಾನದ ಎಷ್ಟನೇ ಮೆಟ್ಟಿಲಿಗೆ ಬರುತ್ತದೆ ಎಂಬುದನ್ನು ಸೇರಿಸಿ. ತೀರ್ಮಾನವಾಗದಿದ್ದಾಗ ‘ನೀರು ಬಂದೀತು, ದನ ಬಿಚ್ಚಿಡಿ’ ಎಂದರೆ ಸಾಕು. ಈ ಸಂದೇಶಗಳನ್ನು ಕಳಿಸುವ ಮೊದಲು ಹೊಳೆದಂಡೆಯ ಒಬ್ಬರಿಗೆ ಓದಿ ಹೇಳಿ, ಅವರೇನು ಮಾಡುತ್ತಾರೆ ಕೇಳಿ. ಬೇಕಾದರೆ ಆ ಕೆಲಸಕ್ಕೆ ನಾನು ಸಂಬಳವಿಲ್ಲದೆ ಬರುತ್ತೇನೆ. ಮುಂದಿನ ಮುಂಗಾರಿಗೆ ಮೊದಲು ಹೊಸ ವಾಕ್ಯಗಳು ಸಿದ್ಧವಾಗಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು,
ಕೊಳ್ಳೇಗಾಲ ತಾಲ್ಲೂಕು